ಅಲ್ಲಾ ಬಂಡ್ ಮಾದರಿ: ಮೂರನೇ ವಾರ

ಏರಿ ಕೊನೆಗೂ ನಿಂತಿದೆ. ಹೋದ ವಾರ ಇನ್ನು ಬಣ್ಣ ಬಳಿದರೆ ಮುಗೀತು ಅಂದುಕೊಂಡಿದ್ದೆ. ಪೂರ್ತಿ ಕಿತ್ತು ಮತ್ತೆ ಕಟ್ಟಬೇಕಾಯಿತು.

ಹೊಸಬರಿಗೆ ಹಿನ್ನೆಲೆ: 1819ರ ಜೂನ್ 16ರ ಸಂಜೆ ಕಚ್‌ನಲ್ಲಿ ಭೂಮಿ ನಡುಗಿತು. ಭುಜ್‌ನಲ್ಲಿ ಮನೆಗಳು ಬಿದ್ದವು, ದೂರದ ಅಹಮದಾಬಾದಿನ ಜಾಮಾ ಮಸೀದಿಯ ಮಿನಾರುಗಳೂ ಉರುಳಿದವು. ಜನರೇ ಇಲ್ಲದಂತಿದ್ದ ಉಪ್ಪಿನ ಬಯಲು ರಣ್‌ನಲ್ಲಿ ಮಾತ್ರ ನೆಲದ ಒಂದು ಉದ್ದ ಪಟ್ಟಿ ಮೇಲೆದ್ದಿತು. ಅದರ ದಕ್ಷಿಣದ ಜಾಗ ಕುಸಿದು, ಸಮುದ್ರದ ನೀರು ನುಗ್ಗಿತು. ಸಿಂಧ್‌ನವರು ಸಿಂಧೂ ನದಿಯ ಕವಲಿಗೆ ಅಡ್ಡ ಕಟ್ಟಿದ್ದ ಒಡ್ಡುಗಳು ಅಲ್ಲಿ ಮೊದಲೇ ಇದ್ದವು. ಹೊಸದಾಗಿ ಎದ್ದ ಈ ಏರಿಯನ್ನು ಮನುಷ್ಯರು ಕಟ್ಟಿರಲಿಲ್ಲವಲ್ಲ, ಜನ ಅಲ್ಲಾ ಬಂಡ್, ಅಂದರೆ ದೇವರ ಒಡ್ಡು, ಅಂದರು.

ನನ್ನ ಹಲಗೆಯಲ್ಲಿ 1 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ಏರಿಯ ಉದ್ದ ಸುಮಾರು 80 ಕಿಲೋಮೀಟರ್, ಸರಿ ಕೂತಿತು. ಎತ್ತರ 6 ಮೀಟರ್‌ವರೆಗೆ. ಲೆಕ್ಕ ಹಾಕಿದರೆ 0.06 ಮಿಲಿಮೀಟರ್! ನೋಟ್‌ಬುಕ್ ಹಾಳೆಗಿಂತ ತೆಳು. "ಇಷ್ಟಕ್ಕೇ ನದಿ ನಿಂತುಹೋಯ್ತಾ ಅಪ್ಪಾ?" ಅಂದಳು ಮಗಳು. ರಣ್ ಅಷ್ಟು ಮಟ್ಟಸ, ನೀರಿಗೆ ಅಷ್ಟೇ ಸಾಕಾಯಿತು. ಎತ್ತರವನ್ನು 250 ಪಟ್ಟು ಹಿಗ್ಗಿಸಿ ಒಂದೂವರೆ ಸೆಂಟಿಮೀಟರ್ ಮಾಡಿದೆ. ಇದು ಮೋಸವೇ, ಆದರೆ ಇಲ್ಲದಿದ್ದರೆ ಕಣ್ಣಿಗೇ ಕಾಣಲ್ಲ.

ಕಿತ್ತದ್ದು ಯಾಕೆಂದರೆ, ನಮ್ಮೂರ ಕೆರೆ ಏರಿ ಮನಸ್ಸಲ್ಲಿಟ್ಟುಕೊಂಡು ಎರಡೂ ಕಡೆ ಒಂದೇ ಇಳಿಜಾರು ಕೊಟ್ಟಿದ್ದೆ. ಉತ್ತರದ ನೆಲ ದಕ್ಷಿಣದ ಮೇಲಕ್ಕೆ ತಳ್ಳಿಕೊಂಡು ಎದ್ದದ್ದು ಇದು. ದಕ್ಷಿಣಕ್ಕೆ ಕಡಿದು, ಉತ್ತರಕ್ಕೆ ಗೊತ್ತೇ ಆಗದ ಹಾಗೆ ಇಳಿಯಬೇಕು. ಎರಡು ಸಂಜೆ ಮರಳು ಕಾಗದ ಉಜ್ಜಿದೆ.

ರಣ್‌ನ ಬಿಳುಪಿಗೆ ಕಲ್ಲುಪ್ಪು ಅಂಟಿಸಿದ್ದೂ ದಡ್ಡತನ. ಮಳೆಗಾಲ ಅಲ್ವಾ, ನೀರೊಡೆಯಿತು. ಈಗ ಸುಣ್ಣ.

ಏರಿಯ ದಕ್ಷಿಣಕ್ಕೆ, ಕುಸಿದ ಜಾಗದಲ್ಲಿದ್ದ ಸಿಂದ್ರಿ ಕೋಟೆಗೆ ಭೂವಿಜ್ಞಾನಿ ಚಾರ್ಲ್ಸ್ ಲೈಲ್ ತಮ್ಮ ಪುಸ್ತಕದಲ್ಲಿ ಹಾಕಿದ ಚಿತ್ರವೇ ಆಧಾರ. ಕಂಪನಕ್ಕೆ ಮುಂಚೆ, 1808ರಲ್ಲಿ ಕ್ಯಾಪ್ಟನ್ ಗ್ರಿಂಡ್ಲೆ ಬರೆದದ್ದು. ಕೋಟೆಗೆ ನೀರು ನುಗ್ಗಿದಾಗ ಒಳಗಿದ್ದವರು ಒಂದು ಬುರುಜು ಹತ್ತಿ ಜೀವ ಉಳಿಸಿಕೊಂಡರು, ಆಮೇಲೆ ದೋಣಿಯಲ್ಲಿ ಪಾರಾದರು. ಆ ಬುರುಜನ್ನು ಮಾತ್ರ ನೀರಿನ ಮೇಲೆ ಬಿಡುತ್ತೇನೆ.

ನಿನ್ನೆ ಉತ್ತರದಿಂದ ಒಂದು ಲೋಟ ನೀರು ಬಿಟ್ಟು ನೋಡಿದೆ. ಐದು ನಿಮಿಷ ಏರಿ ತಡೆಯಿತು. ಆಮೇಲೆ ಪ್ಲಾಸ್ಟರ್ ಬಿರುಕಿನಲ್ಲಿ ಹರಿದು ಮೇಜೆಲ್ಲಾ ಒದ್ದೆ. ಬೈದುಕೊಳ್ಳುತ್ತಾ ಒರೆಸುವಾಗ ನೆನಪಾಯಿತು: 1826ರ ಪ್ರವಾಹದಲ್ಲಿ ಸಿಂಧೂ ನೀರು ನಿಜವಾದ ಬಂಡನ್ನೂ ಹೀಗೇ ಕೊರೆದು ಸಿಂದ್ರಿಗೆ ಇಳಿದಿತ್ತು. ಬಿರುಕು ಮುಚ್ಚುವ ಯೋಚನೆ ಬಿಟ್ಟೆ. ಮುಂದಿನ ವಾರ ಅದನ್ನೇ ಸ್ವಲ್ಪ ಅಗಲ ಮಾಡಬೇಕು.