ಫ್ಯಾರೋದ ಹುಡುಗನಿಗೆ ಅವನ ಬಾವುಟ ಕೊಡಿ

ನನ್ನ ಮೈದುನ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ಫ್ಯಾರೋ ದ್ವೀಪಗಳ ಟೋರ್ಸ್‌ಹಾವ್ನ್ ಎಂಬ ಬಂದರಿನಿಂದ ಫೋಟೊ ಕಳಿಸಿದ್ದ. ಸಾಲಾಗಿ ಕಟ್ಟಿದ ಬೋಟುಗಳು, ಹಿಂದೆ ಹುಲ್ಲು ಬೆಳೆದ ಮಾಡಿನ ಮನೆಗಳು. ಬೋಟುಗಳ ಮೇಲೆ ಬಿಳಿ ಬಾವುಟ, ಅದರಲ್ಲಿ ನೀಲಿ ಅಂಚಿನ ಕೆಂಪು ಶಿಲುಬೆ. ಮಗಳು ಏಳನೇ ಕ್ಲಾಸು. ಒಲಿಂಪಿಕ್ಸ್ ಮೆರವಣಿಗೆಯ ಬಾವುಟಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬಿಡಿಸಿ ಇಟ್ಟುಕೊಂಡಿದ್ದಾಳೆ. ಫೋಟೊ ನೋಡಿ, "ಅಮ್ಮ, ಇದು ನನ್ನ ಪುಸ್ತಕದಲ್ಲಿ ಇಲ್ಲ" ಅಂದಳು.

ಇರುವುದಿಲ್ಲ. ಫ್ಯಾರೋ ದ್ವೀಪಗಳಿಗೆ ಒಲಿಂಪಿಕ್ಸ್‌ನಲ್ಲಿ ಸ್ವಂತ ತಂಡವೇ ಇಲ್ಲ.

ಒಟ್ಟು 18 ದ್ವೀಪಗಳು, ಸುಮಾರು 54 ಸಾವಿರ ಜನ. ನಮ್ಮ ಉಡುಪಿ ನಗರದ ಅರ್ಧದಷ್ಟೂ ಇಲ್ಲ. ಡೆನ್ಮಾರ್ಕಿಗೆ ಸೇರಿದ್ದು, ಆದರೆ 1948ರಿಂದ ಸ್ವಂತ ಆಡಳಿತ ಉಂಟು. ಸ್ವಂತ ಭಾಷೆಯೂ ಉಂಟು. ಹೊರಗೆ ಕಳಿಸುವ ಸರಕಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೀನೇ. ಮಲ್ಪೆಯಲ್ಲಿ ಹುಟ್ಟಿದ ನನಗೆ ಅವರು ದೂರದವರು ಅನಿಸಲೇ ಇಲ್ಲ. ಆ ಬಾವುಟದ ಕತೆಯೂ ಬೋಟಿನದ್ದೇ. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನಿಯ ಕೈಗೆ ಹೋಯಿತು. ಫ್ಯಾರೋದ ಹಡಗುಗಳು ಡೆನ್ಮಾರ್ಕಿನ ಬಾವುಟ ಹಾರಿಸುವ ಹಾಗಿರಲಿಲ್ಲ. ಆಗ ದ್ವೀಪಗಳಿಗೆ ಬಂದಿಳಿದಿದ್ದ ಬ್ರಿಟಿಷರು ಫ್ಯಾರೋದವರ ಸ್ವಂತ ಬಾವುಟವನ್ನು ಒಪ್ಪಿಕೊಂಡರು. ಅದು 1940ರ ಏಪ್ರಿಲ್ 25. ಇವತ್ತಿಗೂ ಅಲ್ಲಿ ಆ ದಿನ ಬಾವುಟದ ಹಬ್ಬ.

ಫುಟ್‌ಬಾಲ್‌ನಲ್ಲಿ ಅವರಿಗೆ ತಂಡ ಸಿಕ್ಕಿದೆ. 1988ರಲ್ಲಿ ಫಿಫಾ ಸೇರಿಸಿಕೊಂಡಿತು. 1990ರ ಸೆಪ್ಟೆಂಬರ್‌ನಲ್ಲಿ ಯೂರೋ ಕಪ್ ಅರ್ಹತೆಯ ಮೊದಲ ಪಂದ್ಯ, ಎದುರು ಆಸ್ಟ್ರಿಯಾ. ಊರಲ್ಲಿ ಹುಲ್ಲಿನ ಮೈದಾನ ಇರಲಿಲ್ಲ. ಹಾಗಾಗಿ ತಮ್ಮ ತವರಿನ ಪಂದ್ಯವನ್ನು ಸ್ವೀಡನ್ನಿನಲ್ಲಿ ಆಡಿದರು. ಗೋಲ್ ಕೀಪರ್ ಫೋರ್ಕ್‌ಲಿಫ್ಟ್ ಓಡಿಸುವವನು, ತಲೆಗೆ ಗೊಂಡೆಯಿರುವ ಉಣ್ಣೆ ಟೊಪ್ಪಿ. ಗೋಲು ಹೊಡೆದವನು ಮರ ಮಾರುವ ಕೆಲಸದವನು. 1-0, ಫ್ಯಾರೋ ಗೆದ್ದಿತು!

ನನಗೆ ಜಾಸ್ತಿ ಹತ್ತಿರವಾದವನು ಪಾಲ್ ಯೊಯೆನ್ಸನ್ ಎಂಬ ಈಜುಗಾರ. ವಾಗುರ್ ಅಂತ ಸಾವಿರ ಚಿಲ್ಲರೆ ಜನರ ಊರು ಅವನದ್ದು. 25 ಮೀಟರಿನ ಕೊಳದಲ್ಲಿ ಈಜಿ ಬೆಳೆದ ಹುಡುಗ. 2010ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ 1500 ಮೀಟರ್ ಫ್ರೀಸ್ಟೈಲ್‌ಗೆ ಬೆಳ್ಳಿ ಗೆದ್ದ. ಅಲ್ಲಿ ಅವನು ಫ್ಯಾರೋದವನು. ಎರಡು ವರ್ಷ ಕಳೆದು ಲಂಡನ್ ಒಲಿಂಪಿಕ್ಸ್ ಬಂತು. ಅಲ್ಲಿ ಅವನ ಹೆಸರಿನ ಮುಂದೆ ಡೆನ್ಮಾರ್ಕ್. ಅದೇ ಹುಡುಗ, ಅದೇ ಕೈಕಾಲು. ಪ್ಯಾರಾಲಿಂಪಿಕ್ಸ್‌ನಲ್ಲಾದರೆ 1984ರಿಂದಲೇ ಫ್ಯಾರೋಗೆ ಸ್ವಂತ ತಂಡ ಉಂಟು, ಈಜಿನಲ್ಲಿ ಪದಕಗಳೂ ಬಂದಿವೆ. ಒಂದು ಕೂಟದಲ್ಲಿ ಇರುವ ಊರು ಇನ್ನೊಂದು ಕೂಟದಲ್ಲಿ ಇಲ್ಲದೆ ಹೋಗುವುದು ಹೇಗೆ?

ಇದೆಲ್ಲ ನನಗೇಕೆ ಇಷ್ಟು ತಾಗುತ್ತದೆ ಅಂದರೆ, 1996ರಲ್ಲಿ ನಾನು ಎಂಟನೇ ಕ್ಲಾಸು. ಪಡುಕೆರೆಯ ಹೊಳೆಯಲ್ಲಿ ಈಜು ಕಲಿತವಳು. ರಾಜ್ಯಮಟ್ಟದ ಶಾಲಾ ಕೂಟಕ್ಕೆ ಬೆಂಗಳೂರಿಗೆ ಹೋಗಿದ್ದೆ. ನಮ್ಮ ಬೋರ್ಡಿನಲ್ಲಿ ದಕ್ಷಿಣ ಕನ್ನಡ ಅಂತಿತ್ತು. ಯಾರು ಕೇಳಿದರೂ "ಮಂಗಳೂರಾ?" ಅನ್ನುತ್ತಿದ್ದರು. ಮಂಗಳೂರಿನ ಹುಡುಗಿಯರು ನನ್ನ ಜೊತೆ ಒಳ್ಳೆಯದಾಗಿಯೇ ಇದ್ದರು, ಬುತ್ತಿ ಹಂಚಿಕೊಂಡು ತಿಂದೆವು. ಆದರೂ "ಅಲ್ಲ, ಮಲ್ಪೆ" ಅಂತ ಹೇಳಿ ಹೇಳಿ ಕೊನೆಗೆ ಸುಮ್ಮನಾದೆ.

1997ರ ಆಗಸ್ಟ್‌ನಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. 1998ರಲ್ಲಿ ಮತ್ತೆ ಹೋದೆ. ಈಜಿಗೆ ನಾವು ಆರೇ ಜನ. ಟೀ ಶರ್ಟ್ ಬಂದಿರಲಿಲ್ಲ. ನಮ್ಮ ಮೇಷ್ಟ್ರು ಹಿಂದಿನ ರಾತ್ರಿ ಬಿಳಿ ಬನಿಯನ್ನಿನ ಮೇಲೆ ನೀಲಿ ಬಣ್ಣದಲ್ಲಿ ಉಡುಪಿ ಅಂತ ಕೈಯಲ್ಲೇ ಬರೆದರು. ಬೆಳಿಗ್ಗೆ ಇನ್ನೂ ಒದ್ದೆ ಇತ್ತು. ನೂರು ಮೀಟರಿನಲ್ಲಿ ನಾನು ಕಡೆಯಿಂದ ಎರಡನೆಯವಳು. ಆದರೆ ಅದಕ್ಕೆ ಮುಂಚೆ ಮೈಕಿನಲ್ಲಿ "ಲೇನ್ 7, ಉಡುಪಿ" ಅಂದರಲ್ಲ, ಅದು ಇವತ್ತಿಗೂ ಕಿವಿಯಲ್ಲಿ ಉಂಟು. ಜಿಲ್ಲೆಯೇ ಬೇರೆ, ದೇಶವೇ ಬೇರೆ, ಗೊತ್ತು. ಆದರೆ ಆ ಹುಡುಗನಿಗೆ ಲಂಡನ್ನಿನಲ್ಲಿ ಏನು ಸಿಗಲಿಲ್ಲ ಅಂತ ನನಗೆ ಅರ್ಥವಾಗುತ್ತದೆ.

ಒಲಿಂಪಿಕ್ಸ್‌ನವರು ಹೇಳುವುದು ನಿಯಮದ ಮಾತು. 1996ರಿಂದ ಸ್ವತಂತ್ರ ದೇಶಗಳಿಗೆ ಮಾತ್ರ ಹೊಸದಾಗಿ ಸದಸ್ಯತ್ವ. ಫ್ಯಾರೋದವರು ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದಾರೆ. ಆದರೆ ನಿಯಮಕ್ಕಿಂತ ಮೊದಲೇ ಸೇರಿದ ಬರ್ಮುಡಾ, ಗುವಾಮ್, ಪೋರ್ಟೊರಿಕೊ ಇವತ್ತಿಗೂ ತಮ್ಮ ಬಾವುಟ ಹಿಡಿದು ನಡೆಯುತ್ತವೆ. ಅವೂ ಸ್ವತಂತ್ರ ದೇಶಗಳಲ್ಲ. ಬರ್ಮುಡಾ ಬ್ರಿಟನ್ನಿಗೆ ಸೇರಿದ್ದು. ಟೋಕಿಯೊದಲ್ಲಿ ಫ್ಲೋರಾ ಡಫಿ ಟ್ರಯಥ್ಲಾನ್ ಚಿನ್ನ ಗೆದ್ದಾಗ ಏರಿದ್ದು ಬರ್ಮುಡಾದ ಬಾವುಟ. ಅದರಿಂದ ಬ್ರಿಟನ್ನಿಗೆ ಏನೂ ಕಡಿಮೆಯಾಗಲಿಲ್ಲ, ಅಲ್ವಾ? ಬೇಗ ಬಂದವರಿಗೆ ಒಂದು ನ್ಯಾಯ, ತಡವಾಗಿ ಬಂದವರಿಗೆ ಇನ್ನೊಂದು. ಇದು ನನಗೆ ಸರಿ ಕಾಣುವುದಿಲ್ಲ. ಹೀಗೆ ಒಬ್ಬೊಬ್ಬರನ್ನೇ ಸೇರಿಸಿದರೆ ಎಲ್ಲರೂ ಬಂದು ಕೇಳುತ್ತಾರೆ ಅನ್ನಬಹುದು. ಕೇಳಲಿ. ಸ್ವಂತ ಆಡಳಿತ, ಸ್ವಂತ ಕ್ರೀಡಾ ಸಂಸ್ಥೆ, ಬೇರೆ ಕೂಟಗಳಲ್ಲಿ ವರ್ಷಗಟ್ಟಲೆ ಆಡಿದ ದಾಖಲೆ, ಇಷ್ಟು ಇರುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು?

ವಾಗುರ್‌ನಲ್ಲಿ ಈಗ ಪಾಲ್‌ನ ಹೆಸರಿನಲ್ಲೇ 50 ಮೀಟರಿನ ಈಜುಕೊಳ ಕಟ್ಟಿದ್ದಾರೆ. ಅಜ್ಜರಕಾಡಿನ ಕೊಳಕ್ಕೆ ಹೋಗುವಾಗ ಸ್ಕೂಟರಿನಲ್ಲಿ ಮಗಳಿಗೆ ಹೇಳಿದೆ. ವಾಪಸ್ ಬಂದವಳು ಒದ್ದೆ ತಲೆಯಲ್ಲೇ ಪುಸ್ತಕ ತೆಗೆದಳು. ಫ್ಯಾರೋದ ಬಾವುಟವನ್ನು ಡೆನ್ಮಾರ್ಕಿನ ಪಕ್ಕದ ಪುಟದಲ್ಲಿ ಬಿಡಿಸಿದ್ದಾಳೆ. ನೀಲಿ ಅಂಚು ಸ್ವಲ್ಪ ದಪ್ಪ ಆಗಿದೆ. ಅದನ್ನು ಫೋಟೊ ತೆಗೆದು ಮೈದುನನಿಗೆ ಕಳಿಸಿದ್ದೇನೆ.