ಷರತ್ತು ಹೋಗಿ ವಿಶ್ವಾಸ ಬಂದ ದಿನ

1788ರ ಜುಲೈ 23. ನ್ಯೂಯಾರ್ಕ್ ರಾಜ್ಯದ ಪಕಿಪ್ಸಿ ಊರಿನ ನ್ಯಾಯಾಲಯದ ಕಟ್ಟಡದಲ್ಲಿ, ಅಮೆರಿಕದ ಹೊಸ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂಬ ವಾದ ಶುರುವಾಗಿ ಐದು ವಾರ ಕಳೆದಿತ್ತು. ಆ ದಿನ ಸ್ಯಾಮ್ಯುಯಲ್ ಜೋನ್ಸ್ ಎದ್ದು, ಅಂಗೀಕಾರದ ಕರಡಿನಲ್ಲಿ ತಿದ್ದುಪಡಿಗಳು ಆಗಲೇಬೇಕೆಂಬ 'ಷರತ್ತಿನ ಮೇಲೆ' ಎಂದಿದ್ದ ಮಾತನ್ನು ಹೊಡೆದು, ಅವು ಆಗುತ್ತವೆಂಬ 'ಪೂರ್ಣ ವಿಶ್ವಾಸದಿಂದ' ಎಂದು ಬರೆಯೋಣ ಎಂದರು. ಪರ 31, ವಿರುದ್ಧ 29. ಅಂಗೀಕಾರದ ಇಡೀ ಚರ್ಚೆಯ ಜೀವ ಈ ಒಂದು ಬದಲಾವಣೆಯಲ್ಲಿದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಜೋನ್ಸ್ ಸಂವಿಧಾನದ ವಿರೋಧಿಗಳ ಗುಂಪಿನವರೇ. 65 ಪ್ರತಿನಿಧಿಗಳಲ್ಲಿ 46 ಮಂದಿ ವಿರೋಧಿಗಳಾಗಿಯೇ ಆರಿಸಿ ಬಂದಿದ್ದರು. ಅವರ ಅಳಲು ಪೊಳ್ಳಲ್ಲ. ಮೂಲ ಪಠ್ಯದಲ್ಲಿ ಹಕ್ಕುಗಳ ಪಟ್ಟಿ ಇರಲಿಲ್ಲ. ಜನರ ಮೇಲೆ ನೇರ ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕೆ ಸಿಗುತ್ತಿತ್ತು. ಅದೇ ಗುಂಪಿನ ಮೆಲಾಂಕ್ಟನ್ ಸ್ಮಿತ್ ಅವರನ್ನು ಹೆಚ್ಚು ಕಾಡಿದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ, ಅಂದರೆ ಪ್ರತಿನಿಧಿ ಸಭೆಯ ಗಾತ್ರ. ಇಡೀ ದೇಶಕ್ಕೆ ಮೊದಲಿಗೆ ಗೊತ್ತುಮಾಡಿದ್ದು 65 ಸ್ಥಾನ, ಅಂದರೆ ಪಕಿಪ್ಸಿಯಲ್ಲಿ ಒಂದೇ ರಾಜ್ಯದ ಪರವಾಗಿ ಕೂತಿದ್ದಷ್ಟೇ ಜನ. ಅಷ್ಟು ಚಿಕ್ಕ ಸಭೆಗೆ ಸಾಧಾರಣ ರೈತ ಆರಿಸಿ ಬರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಹಾಗಿದ್ದರೆ ಷರತ್ತು ಹಾಕಿಯೇ ಒಪ್ಪಬಹುದಿತ್ತಲ್ಲ? ತೊಡಕು ಇರುವುದು ಅಲ್ಲೇ. ಏಳನೇ ವಿಧಿಯಂತೆ ಒಂಬತ್ತು ರಾಜ್ಯಗಳ ಸಮಾವೇಶಗಳು ಒಪ್ಪಿದರೆ ಸಂವಿಧಾನ ಅವುಗಳ ನಡುವೆ ಜಾರಿ. ಆದರೆ ಎಲ್ಲರೂ ಒಪ್ಪುವ ಪಠ್ಯ ಒಂದೇ ಆಗಿರಬೇಕು. ಒಬ್ಬೊಬ್ಬರು ಒಂದೊಂದು ಷರತ್ತು ಸೇರಿಸಿದರೆ ಒಪ್ಪಂದವೇ ಉಳಿಯುವುದಿಲ್ಲ. ತಿದ್ದುಪಡಿಗೆ ಐದನೇ ವಿಧಿಯ ದಾರಿ ಬೇರೆ ಇದೆ: ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳ ಒಪ್ಪಿಗೆ. ಒಂದು ರಾಜ್ಯ ಹಟ ಹಿಡಿದು ಅದನ್ನು ಮಾಡಿಸಲಾಗದು. ಷರತ್ತು ಈಡೇರದಿದ್ದರೆ ರಾಜ್ಯ ಒಕ್ಕೂಟದ ಒಳಗೋ ಹೊರಗೋ, ಅದನ್ನು ತೀರ್ಮಾನಿಸುವವರು ಯಾರು?

ಮ್ಯಾಸಚೂಸೆಟ್ಸ್ ಫೆಬ್ರವರಿಯಲ್ಲೇ ದಾರಿ ತೋರಿಸಿತ್ತು: ಮೊದಲು ಒಪ್ಪಿಗೆ, ಜೊತೆಗೆ ಒಂಬತ್ತು ತಿದ್ದುಪಡಿಗಳ ಶಿಫಾರಸು. ಅಲ್ಲಿ 187–168, ಹತ್ತು ಮಂದಿ ಎದುರು ಬಣಕ್ಕೆ ಸರಿದಿದ್ದರೆ ಸೋಲು. ಪಕಿಪ್ಸಿಯ ಸಭೆ ನಡೆಯುತ್ತಿರುವಾಗಲೇ ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು. ಜುಲೈ 2ರಂದು ವರ್ಜೀನಿಯಾದ 89–79ರ ಸುದ್ದಿಯೂ ತಲುಪಿತು. ಸಂವಿಧಾನ ಬರುವುದು ಖಚಿತವಾದ ಮೇಲೆ ಉಳಿದ ಪ್ರಶ್ನೆ, ನ್ಯೂಯಾರ್ಕ್ ಹೊರಗೆ ಉಳಿಯುತ್ತದೆಯೇ ಎಂಬುದೊಂದೇ.

ಜೋನ್ಸ್ ಸೂಚನೆ ಗೆದ್ದ ಮರುದಿನ ವಿರೋಧಿಗಳ ಗುಂಪಿನ ಜಾನ್ ಲ್ಯಾನ್ಸಿಂಗ್ ಇನ್ನೊಂದು ದಾರಿ ಹುಡುಕಿದರು: ಕೆಲವು ವರ್ಷಗಳಲ್ಲಿ ತಿದ್ದುಪಡಿಗಳ ವಿಚಾರ ಇತ್ಯರ್ಥವಾಗದಿದ್ದರೆ ಹಿಂದೆ ಸರಿಯುವ ಹಕ್ಕು ಇಟ್ಟುಕೊಂಡು ಒಪ್ಪೋಣ. ಇದರ ಬಗ್ಗೆ ಸಂವಿಧಾನದ ಪರ ನಿಂತಿದ್ದ ಪ್ರತಿನಿಧಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮೊದಲೇ, ಸಂವಿಧಾನ ರೂಪಿಸಿದವರಲ್ಲಿ ಪ್ರಮುಖರಾದ ಜೇಮ್ಸ್ ಮ್ಯಾಡಿಸನ್‌ಗೆ ಬರೆದು ಕೇಳಿದ್ದರು. ಅಂಗೀಕಾರವೆಂದರೆ ಇಡಿಯಾಗಿ, ಎಂದೆಂದಿಗೂ ಎಂಬ ಉತ್ತರ ಬಂದಿತ್ತು; ಅದನ್ನು ಸಭೆಯಲ್ಲಿ ಓದಿದರು. ಲ್ಯಾನ್ಸಿಂಗ್ ಸೂಚನೆ ಬಿತ್ತು.

ಜುಲೈ 26ರ ಕೊನೆಯ ಮತ 30–27. ಸ್ಮಿತ್ ಪರವಾಗಿ ಮತ ಹಾಕಿದರು. ತನ್ನ ನಂಬಿಕೆ ಬಿಡದೆ, ದೇಶ ಒಡೆಯಲೂ ಬಿಡದೆ ಕೊಟ್ಟ ಆ ಮತವನ್ನು ನಾವು ತುಂಬು ಗೌರವದಿಂದ ಕಾಣುತ್ತೇವೆ.

1789ರಲ್ಲಿ ಕಾಂಗ್ರೆಸ್ 12 ತಿದ್ದುಪಡಿಗಳನ್ನು ರಾಜ್ಯಗಳಿಗೆ ಕಳಿಸಿತು; 1791ರ ಡಿಸೆಂಬರ್ ಹೊತ್ತಿಗೆ 10 ಜಾರಿಯಾದವು, ಅವೇ ಹಕ್ಕುಗಳ ಮಸೂದೆ. ನೇರ ತೆರಿಗೆಗೆ ಕಡಿವಾಣ ಹಾಕುವುದು ಆ ಪಟ್ಟಿಯಲ್ಲೇ ಇರಲಿಲ್ಲ. ಪ್ರತಿನಿಧಿ ಸಭೆಯ ಸಂಖ್ಯೆ ಕುರಿತದ್ದು 12ರಲ್ಲಿ ಮೊದಲನೆಯದಾಗಿತ್ತು. ಅದಕ್ಕೆ ಸಾಕಷ್ಟು ರಾಜ್ಯಗಳ ಒಪ್ಪಿಗೆ ಇವತ್ತಿಗೂ ಸಿಕ್ಕಿಲ್ಲ.