ವರ್ಗ ಸಮೀಕರಣದ ಲೆಕ್ಕಗಳು: ಹಂತ ಹಂತವಾಗಿ ಬಿಡಿಸುವ ಕೆಲಸ ಎಲ್ಲಿಗೆ ಬಂತು

ಪ್ರೌಢಶಾಲಾ ಗಣಿತದ ಸಾಮಾನ್ಯ ಲೆಕ್ಕಗಳನ್ನು ಒಂದು ಹಂತವನ್ನೂ ಹಾರಿಸದೆ ಬಿಡಿಸಿ ಬರೆದಿಡುವ ಕೆಲಸದಲ್ಲಿ ಈಗ ವರ್ಗ ಸಮೀಕರಣದ ಭಾಗ ಮುಗಿಯುತ್ತ ಬಂದಿದೆ. ರೇಖಾತ್ಮಕ ಸಮೀಕರಣಗಳ ಜೋಡಿಯಲ್ಲಿ ಹೇಳಿಕೊಳ್ಳುವಂಥ ತೊಡಕೇನೂ ಇರಲಿಲ್ಲ. ಆದೇಶ ವಿಧಾನಕ್ಕೂ (ಚರಾಕ್ಷರದ ಜಾಗದಲ್ಲಿ ಅದರ ಬೆಲೆಯನ್ನು ಇಡುವುದು) ವರ್ಜಿಸುವ ವಿಧಾನಕ್ಕೂ (ಒಂದು ಚರಾಕ್ಷರವನ್ನು ತೆಗೆದುಹಾಕುವುದು) ಕೆಲವು ಮಾದರಿಗಳನ್ನು ಬರೆದು ಮುಂದೆ ಸಾಗಿದೆ. ಚರಾಕ್ಷರವನ್ನು ಎಲ್ಲೆಡೆ ‘ಯ’ ಎಂದೇ ಬರೆಯುತ್ತಿದ್ದೇನೆ.

ವರ್ಗ ಪೂರ್ಣಗೊಳಿಸುವ ವಿಧಾನಕ್ಕೆ 2ಯ² − 7ಯ + 3 = 0 ಎಂಬ ಸಮೀಕರಣವನ್ನು ಆರಿಸಿಕೊಂಡಿದ್ದೇನೆ. ರೂಢಿಯಂತೆ ಮೊದಲು 2ರಿಂದ ಭಾಗಿಸಿದರೆ 7/2, 49/16 ಮುಂತಾದ ಭಿನ್ನರಾಶಿಗಳು ನುಗ್ಗುತ್ತವೆ, ಮತ್ತು ಬಹುತೇಕ ವಿದ್ಯಾರ್ಥಿಗಳು ಎಡವುವುದು ಅಲ್ಲಿಯೇ. ಆದ್ದರಿಂದ ಪಕ್ಕದಲ್ಲೇ ಶ್ರೀಧರಾಚಾರ್ಯರ ಕ್ರಮವನ್ನೂ ಕೊಟ್ಟಿದ್ದೇನೆ. ಅವರ ಬೀಜಗಣಿತದ ಗ್ರಂಥ ಉಳಿದಿಲ್ಲವಾದರೂ ಎರಡನೆಯ ಭಾಸ್ಕರಾಚಾರ್ಯರು ಉದ್ಧರಿಸಿದ್ದರಿಂದ ಈ ನಿಯಮ ನಮಗೆ ದಕ್ಕಿದೆ. ಯ² ಪದದ ಸಹಗುಣಕದ ನಾಲ್ಕರಷ್ಟರಿಂದ, ಅಂದರೆ ಇಲ್ಲಿ 8ರಿಂದ, ಎರಡೂ ಬದಿಗಳನ್ನು ಗುಣಿಸಿದರೆ 16ಯ² − 56ಯ + 24 = 0 ಆಗುತ್ತದೆ. 24ನ್ನು ಬಲಬದಿಗೆ ಒಯ್ದು, ಎರಡೂ ಬದಿಗೆ 7ರ ವರ್ಗವಾದ 49ನ್ನು ಕೂಡಿಸಿದರೆ (4ಯ − 7)² = 25 ಎಂದು ಬರುತ್ತದೆ. ಹಾಗಾಗಿ 4ಯ − 7 ಎಂಬುದು 5 ಅಥವಾ −5; ಯ = 3 ಅಥವಾ 1/2. ಉತ್ತರದ ಸಾಲಿನವರೆಗೆ ಭಿನ್ನರಾಶಿಯೇ ಕಾಣಿಸಿಕೊಳ್ಳುವುದಿಲ್ಲ. ಈ ಕ್ರಮವನ್ನೇ ಮೊದಲು ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಹೆಚ್ಚು ಸಮಯ ಹಿಡಿದದ್ದು ಬಿಡಿಸುವ ವಿಧಾನವಲ್ಲ, ದೊರೆತ ಎರಡು ಬೆಲೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಏಕೆ ಬಿಡಬೇಕು ಎಂಬ ಕೊನೆಯ ಸಾಲು. ಆಯತದ ಅಗಲ −8 ಎಂದು ಬಂದರೆ ಬಿಡುವ ಕಾರಣ ಸ್ಪಷ್ಟ. ಆದರೆ √(ಯ + 7) = ಯ − 5 ಎಂಬ ಲೆಕ್ಕದಲ್ಲಿ ಎರಡೂ ಬದಿಗಳನ್ನು ವರ್ಗಗೊಳಿಸಿದಾಗ ಯ² − 11ಯ + 18 = 0 ಆಗಿ, 9 ಮತ್ತು 2 ಎಂಬ ಎರಡು ಧನ ಸಂಖ್ಯೆಗಳೇ ಸಿಗುತ್ತವೆ. ಮೂಲ ಸಮೀಕರಣದಲ್ಲಿ 9ನ್ನು ಆದೇಶಿಸಿದರೆ ಎರಡೂ ಬದಿ 4. 2ನ್ನು ಆದೇಶಿಸಿದರೆ ಎಡಬದಿ 3, ಬಲಬದಿ −3. ವರ್ಗಗೊಳಿಸಿದಾಗ 3 ಮತ್ತು −3ರ ನಡುವಿನ ವ್ಯತ್ಯಾಸ ಅಳಿಸಿಹೋಗುವುದರಿಂದ ಈ 2 ಒಳಗೆ ನುಸುಳಿತು. ಹೀಗಾಗಿ ಇಂಥ ಲೆಕ್ಕಗಳಲ್ಲಿ ತಾಳೆ ನೋಡುವುದನ್ನು ಐಚ್ಛಿಕವಾಗಿ ಬಿಡದೆ ಬಿಡಿಸುವ ಕ್ರಮದ ಹಂತವೆಂದೇ ಬರೆಯುತ್ತಿದ್ದೇನೆ.

ಇದಕ್ಕೆ ತದ್ವಿರುದ್ಧವಾದ ಲೆಕ್ಕವೊಂದನ್ನು ಸಮಾಂತರ ಶ್ರೇಢಿಯಿಂದ ಸೇರಿಸಿದ್ದೇನೆ: 20, 16, 12, … ಶ್ರೇಢಿಯ ಎಷ್ಟು ಪದಗಳ ಮೊತ್ತ 56? ಪದಗಳ ಸಂಖ್ಯೆ ಯ ಆದರೆ, ಮೊತ್ತದ ಸೂತ್ರದಿಂದ ಯ² − 11ಯ + 28 = 0 ಬಂದು 4 ಮತ್ತು 7 ದೊರೆಯುತ್ತವೆ. ಒಂದನ್ನು ಹೊಡೆದುಹಾಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಐದು, ಆರು ಮತ್ತು ಏಳನೆಯ ಪದಗಳು ಕ್ರಮವಾಗಿ 4, 0, −4 ಆಗಿ ಅವುಗಳ ಮೊತ್ತ ಸೊನ್ನೆಯಾಗುವುದರಿಂದ ಎರಡು ಉತ್ತರಗಳೂ ಸರಿ.

ಶೋಧಕದ, ಅಂದರೆ ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ ಭಾಗದ, ಬೆಲೆಯಿಂದ ಸಮೀಕರಣದ ಮೂಲಗಳ (ಉತ್ತರಗಳ) ಸ್ವಭಾವವನ್ನು ನಿರ್ಧರಿಸುವ ಲೆಕ್ಕಗಳು ಇನ್ನೂ ಬಾಕಿಯಿವೆ. ಅವು ಮುಗಿದ ಬಳಿಕ ವೃತ್ತದ ಸ್ಪರ್ಶಕಗಳನ್ನು ಕೈಗೆತ್ತಿಕೊಳ್ಳುತ್ತೇನೆ. ಅಲ್ಲಿ ಪ್ರತಿ ಹಂತದ ಎದುರಿಗೆ ಕಾರಣವನ್ನು ಬರೆಯಲು ಪ್ರತ್ಯೇಕ ಅಂಕಣವನ್ನು ಈಗಾಗಲೇ ಎಳೆದಿಟ್ಟಿದ್ದೇನೆ.